ಹಳೆಯ ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕಿನಲ್ಲಿ ತುಕ್ಕು: ಕಾರಣ ಮತ್ತು ಪರಿಹಾರ

ಟ್ರ್ಯಾಕ್ಟರ್ ದುರಸ್ತಿಯ ವರ್ಕ್‌ಶಾಪುಗಳಿಗೆ ಪದೇ ಪದೇ ಬರುವ ದೂರೊಂದಿದೆ. ಬೆಳಿಗ್ಗೆ ಎಂಜಿನ್ ಸಲೀಸಾಗಿ ಚಾಲೂ ಆಗುತ್ತದೆ. ಹೊಲಕ್ಕಿಳಿದು ಅರ್ಧ ಗಂಟೆ ಉಳುವಷ್ಟರಲ್ಲಿ ಶಕ್ತಿ ಕುಂದಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಇಂತಹ ಸಂದರ್ಭದಲ್ಲಿ ಮೊದಲು ಫಿಲ್ಟರ್ ಬದಲಾಗುತ್ತದೆ, ಅನಂತರ ನಾಜಲ್, ಕಡೆಗೆ ಪಂಪನ್ನೇ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳುಹಿಸಲಾಗುತ್ತದೆ. ರೈತನ ಹಣವೂ ಬಿತ್ತನೆಯ ಹದವೂ ಕಳೆದ ಮೇಲೆ, ದೋಷವಿದ್ದುದು ಟ್ಯಾಂಕಿನಲ್ಲಿ ಎಂಬುದು ಬೆಳಕಿಗೆ ಬರುತ್ತದೆ. ತುಕ್ಕಿನ ಹಕ್ಕಳೆಗಳು ಡೀಸೆಲಿನ ಹರಿವಿನೊಡನೆ ಬಂದು ಟ್ಯಾಂಕಿನ ಕೊಳವೆಯ ಬಾಯಿಯನ್ನು ಮುಚ್ಚುತ್ತವೆ. ಎಂಜಿನ್ ನಿಂತೊಡನೆ ಸೆಳೆತ ತಪ್ಪಿ ತಳಕ್ಕೆ ಇಳಿಯುತ್ತವೆ. ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ತೋರುವುದರಿಂದ, ಮೊದಲು ಮುಚ್ಚಳವನ್ನು ಸಡಿಲಿಸಿ ಓಡಿಸಿ ನೋಡುವುದು ಒಳಿತು. ಈ ಪರೀಕ್ಷೆಗೆ ಬಿಡಿಗಾಸಿನ ಖರ್ಚೂ ಇಲ್ಲ.

ತುಕ್ಕಿಗೆ ಮೂಲ ಡೀಸೆಲ್ ಅಲ್ಲ, ನೀರು. ಅರ್ಧ ಖಾಲಿಯಿರುವ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದಾಗ ಅದರಲ್ಲಿನ ತೇವ ಮೇಲ್ಭಾಗದ ತಗಡಿನ ಮೇಲೆ ಬೆವರಿನಂತೆ ಕೂರುತ್ತದೆ. ಲೀಟರೊಂದಕ್ಕೆ ಡೀಸೆಲಿನ ತೂಕ ಸುಮಾರು 820ರಿಂದ 845 ಗ್ರಾಂ ಮಾತ್ರ. ನೀರು ಅದಕ್ಕಿಂತ ಭಾರ. ಆದುದರಿಂದ ಈ ಹನಿಗಳೆಲ್ಲ ಜಾರಿ ತಳ ಸೇರುತ್ತವೆ. ಕೊಳವೆಯ ಬಾಯಿ ತಳದಿಂದ ತುಸು ಮೇಲಿದ್ದರಂತೂ ಅಲ್ಲಿ ನಿಂತ ನೀರಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ಹಳೆಯ ಟ್ರ್ಯಾಕ್ಟರಿನಲ್ಲಿ ಎರಡು ಬಗೆಯ ತುಕ್ಕು ಕಾಣುತ್ತದೆ: ಮೇಲ್ಭಾಗದಲ್ಲಿ ಕೆಂಪು ಪುಡಿ, ತಳದ ಬೆಸುಗೆಯ ಅಂಚಿನಲ್ಲಿ ಗುಳಿ ಗುಳಿಯಾದ ತುಕ್ಕು. ಮೊದಲನೆಯದು ನೋಡಲು ಭಯಂಕರ, ಆದರೆ ಸುಲಭವಾಗಿ ಹೋಗುತ್ತದೆ. ಎರಡನೆಯದೇ ಟ್ಯಾಂಕನ್ನು ತೂತು ಮಾಡುವಂಥದು.

ಇಂಜೆಕ್ಷನ್ ಪಂಪಿನ ಪ್ಲಂಜರ್ ಮತ್ತು ಬ್ಯಾರೆಲ್‌ಗಳ ನಡುವಿನ ಎಡೆ ಕೆಲವೇ ಮೈಕ್ರಾನ್‌ಗಳಷ್ಟು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ದಪ್ಪ ಕಣಗಳನ್ನು ಫಿಲ್ಟರ್ ತಡೆಯಬಹುದು. ಆದರೆ ನುಣ್ಣನೆಯ ಪುಡಿ ನುಸುಳಿ ಪ್ಲಂಜರನ್ನು ಸವೆಸುತ್ತದೆ, ಅದರೊಡನೆ ಬಂದ ನೀರು ಅಲ್ಲಿಯೂ ತುಕ್ಕು ಹಿಡಿಸುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪು’. ಅಂತಹ ಪಂಪಿನ ಎಲಿಮೆಂಟ್ ಬದಲಿಸುವ ಬೆಲೆಯ ಮುಂದೆ ಟ್ಯಾಂಕ್ ತೊಳೆಯುವ ಖರ್ಚು ಏನೇನೂ ಅಲ್ಲ.

ಟ್ಯಾಂಕನ್ನು ಗಾಡಿಯಿಂದ ಇಳಿಸದೆ ಮಾಡುವ ಶುದ್ಧೀಕರಣ ವ್ಯರ್ಥ. ಫ್ಲೋಟ್, ಕಾಕ್ ಇತ್ಯಾದಿಗಳನ್ನು ತೆಗೆದಿರಿಸಿ, ಮೊದಲು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ಜಿಡ್ಡನ್ನು ಕಳೆಯಬೇಕು. ಈ ಹಂತವನ್ನು ಬಿಡುವವರೇ ಹೆಚ್ಚು. ಆದರೆ ಎಣ್ಣೆಯ ಪೊರೆಯ ಕೆಳಗಿರುವ ತುಕ್ಕನ್ನು ಯಾವ ಆಮ್ಲವೂ ಮುಟ್ಟಲಾರದು. ಬಳಿಕ ಸಣ್ಣ ಸರಪಳಿಯ ತುಂಡನ್ನು ಒಳಗೆ ಹಾಕಿ ಕುಲುಕಿದರೆ ಸಡಿಲವಾದ ಹಕ್ಕಳೆಗಳು ಉದುರುತ್ತವೆ. ಜಲ್ಲಿಕಲ್ಲು ಹಾಕುವ ರೂಢಿಯೂ ಇದೆ, ಆದರೆ ಮೂಲೆಯಲ್ಲಿ ಸಿಕ್ಕಿಕೊಂಡ ಕಲ್ಲಿನ ಚೂರು ಮುಂದೆ ತುಕ್ಕಿನ ಕೆಲಸವನ್ನೇ ಮಾಡುತ್ತದೆ. ಸರಪಳಿಯನ್ನಾದರೆ ಪೂರ್ತಿಯಾಗಿ ಹೊರಗೆಳೆಯಬಹುದು.

ಆಮ್ಲದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಹೈಡ್ರೋಕ್ಲೋರಿಕ್ ಆಮ್ಲ ಅಗ್ಗ, ಕೆಲಸವೂ ಬೇಗ. ಆದರೆ ಅದು ತುಕ್ಕಿನೊಡನೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ; ಗುಳಿಗಳಲ್ಲಿ ಉಳಿದ ಕ್ಲೋರೈಡ್ ಮತ್ತೆ ತುಕ್ಕನ್ನು ಕರೆತರುತ್ತದೆ. ದಿನಸಿ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ದೊರೆಯುವ ಸಿಟ್ರಿಕ್ ಆಮ್ಲ ನಿಧಾನವಾದರೂ ಸೌಮ್ಯ. ಹತ್ತು ಲೀಟರ್ ಬಿಸಿನೀರಿಗೆ ಅರ್ಧದಿಂದ ಒಂದು ಕಿಲೋದಷ್ಟು ಬೆರೆಸಿ ರಾತ್ರಿಯಿಡೀ ಬಿಟ್ಟರೆ ಸಾಕಾಗುತ್ತದೆ. ಈ ಕ್ರಿಯೆಯಲ್ಲಿ ಜಲಜನಕ ಹೊರಬರುವುದರಿಂದ ಮುಚ್ಚಳವನ್ನು ಬಿಗಿಯಬಾರದು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಇಷ್ಟೆಲ್ಲ ಮಾಡಿದವರೂ ಸೋಲುವುದು ಕಡೆಯ ಒಂದು ಗಂಟೆಯಲ್ಲಿ. ಆಮ್ಲದಿಂದ ಹೊರಬಂದ ಬರಿಯ ಕಬ್ಬಿಣ ಒದ್ದೆಯಾಗಿಯೇ ಉಳಿದರೆ ಕಣ್ಣೆದುರಿಗೇ ಕೆಂಪಾಗತೊಡಗುತ್ತದೆ. ಸೋಡಾ ನೀರಿನಿಂದ ಆಮ್ಲವನ್ನು ತಣಿಸಿ, ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಬಿಸಿಗಾಳಿಯಿಂದ ಒಣಗಿಸಿ, ಕೂಡಲೇ ಒಂದೆರಡು ಲೀಟರ್ ಡೀಸೆಲನ್ನು ಒಳಗೆಲ್ಲ ಹರಿದಾಡಿಸಬೇಕು. ‘ನಾಳೆ ಜೋಡಿಸೋಣ’ ಎಂದು ಹಾಗೆಯೇ ಇಟ್ಟ ಟ್ಯಾಂಕನ್ನು ನಾಳೆ ಮತ್ತೆ ತೊಳೆಯಬೇಕಾಗುತ್ತದೆ.

ತಳ ತೂತಾಗಿದ್ದರೆ ವೆಲ್ಡಿಂಗ್ ಪ್ರಶ್ನೆ ಬರುತ್ತದೆ. ಪ್ರಾಣಕ್ಕೆ ಸಂಚಕಾರ ಇರುವುದು ಇಲ್ಲಿಯೇ. ಪೆಟ್ರೋಲಿನಂತೆ ಡೀಸೆಲ್ ಥಟ್ಟನೆ ಹೊತ್ತಿಕೊಳ್ಳುವುದಿಲ್ಲವೆಂಬ ಧೈರ್ಯ ನಮ್ಮ ವೆಲ್ಡರ್‌ಗಳಲ್ಲಿದೆ. ಭಾರತೀಯ ಮಾನಕ ಐ.ಎಸ್. 1460ರ ಪ್ರಕಾರ ಡೀಸೆಲಿನ ಫ್ಲ್ಯಾಷ್ ಪಾಯಿಂಟ್‌ನ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳ ನೆರಳಿನ ಉಷ್ಣಾಂಶವೇ 40 ದಾಟುತ್ತದೆ, ವೆಲ್ಡಿಂಗ್ ಕಿಡಿಯ ಮಾತಂತೂ ಬೇಡ. ಬೆಸುಗೆಯ ಸಂದಿಯಲ್ಲಿ ಅಡಗಿದ ಒಂದೆರಡು ಚಮಚೆ ಡೀಸೆಲ್ ಆವಿಯಾಗಿ ಗಾಳಿಯೊಡನೆ ಬೆರೆತರೆ ಖಾಲಿ ಟ್ಯಾಂಕೇ ಬಾಂಬು. 1948ರ ಕಾರ್ಖಾನೆಗಳ ಅಧಿನಿಯಮದ 37ನೆಯ ಪ್ರಕರಣವು, ದಹನಶೀಲ ವಸ್ತುವಿದ್ದ ಪಾತ್ರೆಯನ್ನು ಆವಿ ಸಹಿತ ನಿವಾರಿಸದೆ ಬೆಸೆಯುವುದನ್ನು ನಿಷೇಧಿಸಿತ್ತು. ನಾಲ್ಕಾರು ಜನರು ದುಡಿಯುವ ಶೆಡ್ಡುಗಳು ಆ ಕಾಯ್ದೆಯ ವ್ಯಾಪ್ತಿಗೆ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಆದರೆ ಸ್ಫೋಟವು ಹಾಜರಿ ಪುಸ್ತಕ ನೋಡುವುದಿಲ್ಲವಷ್ಟೆ. ಸೋಡಾದ ಬಿಸಿನೀರಿನಿಂದ ತೊಳೆದ ಮೇಲೂ, ಬೆಸೆಯುವ ಜಾಗಕ್ಕೆ ತುಸು ಕೆಳಗಿನವರೆಗೆ ನೀರು ತುಂಬಿ, ಎಲ್ಲ ಬಾಯಿಗಳನ್ನು ತೆರೆದಿಟ್ಟೇ ಕೆಲಸ ಮಾಡತಕ್ಕದ್ದು. ಕಂಪ್ರೆಸರಿನ ಗಾಳಿ ಊದಿದ್ದೇವೆ ಎಂಬುದು ಸಮಾಧಾನವೇ ಹೊರತು ರಕ್ಷಣೆಯಲ್ಲ.

ತಳವನ್ನು ಸ್ಕ್ರೂ ಡ್ರೈವರಿನಿಂದ ಒತ್ತಿದಾಗ ಅಲ್ಲಲ್ಲಿ ತಗ್ಗುವಂತಿದ್ದರೆ ತೇಪೆಯ ಆಸೆ ಬಿಟ್ಟು ಹೊಸ ಟ್ಯಾಂಕ್ ಹಾಕುವುದೇ ಲಾಭ. ಆ ಟ್ಯಾಂಕನ್ನು ತಯಾರಿಸುವ ನಮ್ಮ ಸಣ್ಣ ಉದ್ದಿಮೆದಾರರಿಗೆ ಒಂದು ವಿಶೇಷ ಸೂಚನೆ: ತುಕ್ಕು ಹಿಡಿಯದೆಂದು ಜಿ.ಐ. ತಗಡನ್ನು ಬಳಸಬೇಡಿ. ಡೀಸೆಲ್‌ನಲ್ಲಿರುವ ಆಮ್ಲಾಂಶಗಳು ಸತುವಿನೊಡನೆ ಸೇರಿ ಸಾಬೂನಿನಂತಹ ಅಂಟು ಪದಾರ್ಥ ಉಂಟಾಗಿ ಫಿಲ್ಟರ್ ಮತ್ತು ನಾಜಲ್‌ಗಳನ್ನು ಕಟ್ಟುತ್ತದೆ. ಸತುವಿನ ಲೇಪವಿಲ್ಲದ ಸಾದಾ ಸಿ.ಆರ್. ತಗಡೇ ಲೇಸು. ಒಳಗೆ ಎಪಾಕ್ಸಿ ಲೇಪ ಬಳಿಯುವುದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಜಿಡ್ಡು ತೇವ ಪೂರ್ತಿ ಹೋಗದ ತಗಡಿನಿಂದ ಅದು ಹಾಳೆ ಹಾಳೆಯಾಗಿ ಏಳುತ್ತದೆ, ಆ ಹಾಳೆಗಳು ತುಕ್ಕಿಗಿಂತ ಬಲವಾಗಿ ಕೊಳವೆಯನ್ನು ಮುಚ್ಚುತ್ತವೆ.

ಹಳೆಯ ಟ್ರ್ಯಾಕ್ಟರುಗಳ ವ್ಯಾಪಾರದಲ್ಲಿರುವವರು ಬೆಲೆ ಕಟ್ಟುವ ಮೊದಲು ಟಾರ್ಚ್ ಹಿಡಿದು ಟ್ಯಾಂಕಿನ ಒಳಗನ್ನು ನೋಡಲಿ, ತಳದ ಪ್ಲಗ್ ಸಡಿಲಿಸಿ ಮೊದಲ ಲೋಟದಷ್ಟನ್ನು ಗಾಜಿನ ಸೀಸೆಯಲ್ಲಿ ಹಿಡಿಯಲಿ. ಸ್ವಲ್ಪ ಹೊತ್ತಿನಲ್ಲಿ ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಎರಡರ ನಡುವೆ ಕಪ್ಪು ಲೋಳೆ ಕಂಡರೆ ಅದು ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಗುರುತು. ಮಾರಿದ ಮೇಲೆ ಗ್ರಾಹಕನಿಗೆ, ದಿನದ ಕೆಲಸ ಮುಗಿದಾಗ ಸಂಜೆಯೇ ಟ್ಯಾಂಕ್ ತುಂಬಿಸಿಡಲು ಮತ್ತು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮುನ್ನ ಪ್ಲಗ್ ಸಡಿಲಿಸಿ ನೀರು ಬಸಿಯಲು ತಿಳಿಸಿರಿ.