ಹಿಂಸೆಗೊಳಗಾದ ಸಾಕುಪ್ರಾಣಿಗಳ ಪಾಲನೆ: ವೆಚ್ಚ ಯಾರ ಹೊಣೆ?

ಶ್ರೀಮಠದ ಸದ್ಭಕ್ತರೊಬ್ಬರು ತಮ್ಮ ತೋಟದ ಮನೆಯಲ್ಲಿ ಅನಾಥ ಪ್ರಾಣಿಗಳಿಗೆ ಆಶ್ರಯವಿತ್ತು ಸಲಹುತ್ತ ಬಂದಿದ್ದಾರೆ. ಕಳೆದ ತಿಂಗಳು ಪೂಜ್ಯ ಶ್ರೀಗಳವರ ದರ್ಶನಕ್ಕೆ ಬಂದಾಗ ಒಂದು ನಾಯಿಯ ವೃತ್ತಾಂತವನ್ನು ನಿವೇದಿಸಿಕೊಂಡರು. ಮಾಲೀಕನು ಅದನ್ನು ಸರಪಳಿಯಲ್ಲಿ ಕಟ್ಟಿ ಅನ್ನನೀರಿಲ್ಲದೆ ಬಿಟ್ಟಿದ್ದನು. ಕೊರಳಪಟ್ಟಿಯು ಚರ್ಮವನ್ನು ಕೊರೆದು ಮಾಂಸದೊಳಗೆ ಇಳಿದಿತ್ತು. ಪೊಲೀಸರು ಅದನ್ನು ವಶಪಡಿಸಿಕೊಂಡು ಇವರಿಗೆ ಒಪ್ಪಿಸಿ ಎರಡು ವರ್ಷಗಳಾದವು; ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. ಶಸ್ತ್ರಚಿಕಿತ್ಸೆ, ಔಷಧ, ನಿತ್ಯದ ಆಹಾರ ಎಲ್ಲವೂ ಇವರ ಕೈಯಿಂದಲೇ ನಡೆದಿದೆ. "ಬುದ್ಧಿ, ಆ ಮನುಷ್ಯನಿಂದ ಖರ್ಚು ಕೇಳಬಹುದೆ? ಕೇಳಿದರೆ ದಾಸೋಹಕ್ಕೆ ಬೆಲೆ ಕಟ್ಟಿದಂತಾಗುವುದಿಲ್ಲವೆ?" ಎಂಬುದು ಅವರ ಅಳಲು. ಕಾನೂನಿನ ಸಂಗತಿಯನ್ನು ವಿಚಾರಿಸಿ ಭಕ್ತರೆಲ್ಲರಿಗೂ ತಿಳಿಯುವಂತೆ ಬರೆಯಬೇಕೆಂದು ಶ್ರೀಗಳವರು ಅಪ್ಪಣೆ ಮಾಡಿದ್ದರಿಂದ ಈ ಲೇಖನ.

ದಾಸೋಹದ ಪ್ರಶ್ನೆಯನ್ನೇ ಮೊದಲು ನೋಡೋಣ. ಹಸಿದು ಬಂದವರಿಂದ ದಾಸೋಹಿಯು ಏನನ್ನೂ ಬಯಸಬಾರದು ಎಂಬುದು ನಿಜ. ಆದರೆ ಇಲ್ಲಿ ಹಸಿದು ಬಂದದ್ದು ನಾಯಿಯೇ ಹೊರತು ಅದನ್ನು ಹಿಂಸಿಸಿದವನಲ್ಲ. ಅವನು ಕೊಡಬೇಕಾದುದನ್ನು ಕೇಳದೆ ಬಿಟ್ಟರೆ, ಭಕ್ತರು ಪ್ರಾಣಿಗಳಿಗೆಂದು ಸಲ್ಲಿಸಿದ ಕಾಣಿಕೆಯು ಅವನ ಋಣವನ್ನು ತೀರಿಸಲು ವ್ಯಯವಾಗುತ್ತದೆ. ಬಾಗಿಲಿಗೆ ಬರುವ ಮುಂದಿನ ಪ್ರಾಣಿಗೆ ತಾವಿಲ್ಲದಂತಾಗುತ್ತದೆ. ಇದು ನಮ್ಮ ಅಭಿಪ್ರಾಯ. ಶ್ರೀಗಳವರೂ ಇದನ್ನು ಒಪ್ಪಿದ್ದಾರೆ.

ಇನ್ನು ಕಾನೂನು. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಮುಂದೆ 1960ರ ಪ್ರಾಣಿಹಿಂಸಾ ತಡೆ ಅಧಿನಿಯಮವು ಜಾರಿಗೆ ಬಂದಿತು. ಅದರ 11ನೆಯ ಪ್ರಕರಣದಲ್ಲಿ ಹೊಡೆಯುವುದು, ಉಪವಾಸ ಕೆಡಹುವುದು, ತೊರೆದು ಹೋಗುವುದು ಎಲ್ಲವೂ ಅಪರಾಧಗಳೇ. ಆದರೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ! ಈ ಮೊತ್ತವನ್ನು ಕಂಡೇ ಅನೇಕರು ನ್ಯಾಯಾಲಯದಿಂದ ಏನೂ ದೊರೆಯದೆಂದು ಕೈಚೆಲ್ಲುತ್ತಾರೆ. ದಂಡ ಬೇರೆ, ಪಾಲನೆಯ ವೆಚ್ಚ ಬೇರೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ವೆಚ್ಚದ ಮಾತು ಇರುವುದು 35ನೆಯ ಪ್ರಕರಣದಲ್ಲಿ. ಪ್ರಾಣಿಯನ್ನು ಚಿಕಿತ್ಸಾಲಯಕ್ಕೋ ಪಿಂಜರಾಪೋಲಿಗೋ ಸಾಗಿಸಿದ ಖರ್ಚನ್ನೂ ಚಿಕಿತ್ಸಾಲಯದಲ್ಲಿ ಅದರ ಪಾಲನೆ ಹಾಗೂ ಚಿಕಿತ್ಸೆಯ ಖರ್ಚನ್ನೂ ಮಾಲೀಕನೇ ಭರಿಸಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಮಾಲೀಕನು ಕಡುಬಡವನಾಗಿದ್ದರೆ ಚಿಕಿತ್ಸೆಯ ಶುಲ್ಕವನ್ನು ಮನ್ನಾ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ.

ಈ ತತ್ತ್ವಕ್ಕೆ ಕೈಕಾಲು ಬಂದದ್ದು 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಿಂದ. ವಶಪಡಿಸಿಕೊಂಡ ಪ್ರಾಣಿಯನ್ನು ವಿಚಾರಣೆ ಮುಗಿಯುವವರೆಗೆ ಪ್ರಾಣಿಕಲ್ಯಾಣ ಸಂಸ್ಥೆಗೋ ಗೋಶಾಲೆಗೋ ಒಪ್ಪಿಸುವಾಗ, ಪಶುವೈದ್ಯಾಧಿಕಾರಿಯ ಅಭಿಪ್ರಾಯ ಪಡೆದು ಮ್ಯಾಜಿಸ್ಟ್ರೇಟರು ಆಗಿರುವ ಮತ್ತು ಮುಂದೆ ಆಗಬಹುದಾದ ವೆಚ್ಚವನ್ನು ನಿಗದಿಪಡಿಸಬೇಕು. ಆ ಮೊತ್ತಕ್ಕೆ ಆರೋಪಿಯೂ ಮಾಲೀಕನೂ ಮೂರು ದಿನಗಳೊಳಗೆ ಜಾಮೀನುದಾರರೊಡನೆ ಬಾಂಡ್ ಬರೆದುಕೊಡಬೇಕು. ಆಶ್ರಯ ನೀಡಿದ ಸಂಸ್ಥೆಯು ಹದಿನೈದು ದಿನಗಳಿಗೊಮ್ಮೆ ತನ್ನ ನಿಜವಾದ ಖರ್ಚನ್ನು ಅದರಿಂದ ಪಡೆಯಬಹುದು. ನೂರಕ್ಕೆ ಎಂಬತ್ತರಷ್ಟು ಮುಗಿದೊಡನೆ ಹೆಚ್ಚುವರಿ ಬಾಂಡ್ ಕೇಳಬೇಕು. ಆರೋಪಿಯು ನಿರ್ದೋಷಿಯೆಂದು ತೀರ್ಮಾನವಾದರೆ ಪ್ರಾಣಿಯೊಡನೆ ಉಳಿದ ಮೊತ್ತವೂ ಹಿಂದಿರುಗುತ್ತದೆ. ಬಾಂಡ್ ಕೊಡುವ ಶಕ್ತಿಯೇ ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯು ವೆಚ್ಚ ವಹಿಸಿಕೊಂಡು ಆಮೇಲೆ ವಸೂಲು ಮಾಡಿಕೊಳ್ಳಬೇಕು.

ಬಾಂಡ್ ಕೊಡದಿದ್ದರೆ ಪ್ರಾಣಿಯು ಆಶ್ರಯತಾಣಕ್ಕೇ ಸೇರುತ್ತದೆಂದೂ ಈ ನಿಯಮಗಳಲ್ಲಿದೆ. ಅಪರಾಧ ಸಾಬೀತಾಗುವ ಮೊದಲೇ ಹೀಗೆ ಕಸಿದುಕೊಳ್ಳುವುದು ಮೂಲ ಅಧಿನಿಯಮಕ್ಕೆ ಹೊಂದುವುದೆ ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರವನ್ನು ಪ್ರಶ್ನಿಸಿತ್ತು. ಆದ್ದರಿಂದ ಭಕ್ತರು ಒಡೆತನಕ್ಕಾಗಿ ಪಟ್ಟು ಹಿಡಿಯುವ ಬದಲು ಮೊದಲು ವೆಚ್ಚವನ್ನೇ ಕೇಳುವುದು ಲೇಸೆಂದು ನಮ್ಮ ಎಣಿಕೆ.

ಎಡವುವುದು ಹೆಚ್ಚಾಗಿ ಆರಂಭದಲ್ಲಿಯೇ. ಹೊಡೆತ, ಉಪವಾಸ ಮುಂತಾದವು ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧಗಳಲ್ಲ. ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಪ್ರಾಣಿಯನ್ನು ಕೊಂದಿದ್ದರೆ ಅಥವಾ ಅಂಗವಿಕಲಗೊಳಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ನೇರವಾಗಿ ದೂರು ದಾಖಲಿಸಬಹುದು. ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸವುಂಟು. 1960ರ ಅಧಿನಿಯಮದಡಿಯ ಮೊಕದ್ದಮೆಯನ್ನಾದರೋ ಕೃತ್ಯ ನಡೆದ ಮೂರು ತಿಂಗಳೊಳಗೆ ಹೂಡಲೇಬೇಕು. ಕರುಣೆಯಿಂದ ಪ್ರಾಣಿಯನ್ನು ಎತ್ತಿ ತಂದು, ದೂರು ಕೊಡದೆ ಸಾಕತೊಡಗಿದರೆ ಅದು ಕಾನೂನಿನ ಕಣ್ಣಿಗೆ ವಶಪಡಿಸಿಕೊಂಡ ಪ್ರಾಣಿಯಾಗುವುದೇ ಇಲ್ಲ. ಮೇಲಿನ ನಿಯಮಗಳು ಅದಕ್ಕೆ ಅನ್ವಯಿಸುವುದೂ ಇಲ್ಲ.

ಬಂದ ದಿನವೇ ಗಾಯಗಳ ಛಾಯಾಚಿತ್ರ, ಪಶುವೈದ್ಯರ ಪ್ರಮಾಣಪತ್ರ, ಒಪ್ಪಿಸಿದ ಆದೇಶದ ಪ್ರತಿ, ದಿನವಹಿ ಲೆಕ್ಕದ ಪುಸ್ತಕ, ರಸೀದಿಗಳು ಇವಿಷ್ಟನ್ನು ಒಂದೇ ಕಡತದಲ್ಲಿ ಇರಿಸಬೇಕು.

ಮೇಲೆ ಹೇಳಿದ ಸದ್ಭಕ್ತರು ಕಳೆದ ವಾರ ವಕೀಲರ ಮೂಲಕ ಅರ್ಜಿ ಸಲ್ಲಿಸಿದ್ದಾರೆ. ಎರಡು ವರ್ಷಗಳ ಔಷಧದ ರಸೀದಿಗಳಲ್ಲಿ ಅರ್ಧದಷ್ಟು ಕಳೆದುಹೋಗಿದ್ದವು. ಉಳಿದಷ್ಟನ್ನು ಶ್ರೀಮಠದ ಕಾರ್ಯಾಲಯದಲ್ಲಿಯೇ ಕುಳಿತು ದಿನಾಂಕದ ಪ್ರಕಾರ ಜೋಡಿಸಿಕೊಟ್ಟಿದ್ದೇವೆ.