ಬೋಟು ಗುಜರಿಗೆ, ಪರಿಹಾರ ಮಾಲೀಕನಿಗೆ

ಹಿಡಿಯುವ ಮೀನಿಗೆ ಕೋಟಾ ಇರುವ ದೇಶಗಳಲ್ಲಿ ಮೀನಿಗಿಂತ ಬೋಟುಗಳೇ ಹೆಚ್ಚಾದಾಗ, ಸರ್ಕಾರವೇ ದುಡ್ಡು ಕೊಟ್ಟು ಕೆಲವು ಬೋಟುಗಳನ್ನು ಕಡಲಿನಿಂದ ಕಾಯಂ ಆಗಿ ಹೊರಗೆ ಕರೆಸಿಕೊಳ್ಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಮೀನುಗಾರಿಕಾ ಮಂತ್ರಿಗಳು ಸಭೆ ಸೇರಿ, ಅಟ್ಲಾಂಟಿಕ್ ಕಡಲಿನ ಯಾವ ಭಾಗದಲ್ಲಿ ಯಾವ ಮೀನನ್ನು ಎಷ್ಟು ಟನ್ ಹಿಡಿಯಬಹುದೆಂದು ನಿಗದಿ ಮಾಡುತ್ತಾರೆ. ಅದರಲ್ಲಿ ಒಂದೊಂದು ದೇಶಕ್ಕೆ ಬರುವ ಪಾಲೇ ಕೋಟಾ. ಕೋಟಾ ಇಳಿದ ವರ್ಷವೂ ಬೋಟಿನ ಸಾಲದ ಕಂತು ಇಳಿಯುವುದಿಲ್ಲ, ವಿಮೆಯೂ ಇಳಿಯುವುದಿಲ್ಲ. ಕದ್ದು ಹಿಡಿಯುವ, ಲೆಕ್ಕಕ್ಕೆ ತೋರಿಸದೆ ಮಾರುವ ಆಸೆ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಇತ್ತೀಚಿನ ದೊಡ್ಡ ಉದಾಹರಣೆ ಐರ್ಲೆಂಡ್. ಬ್ರಿಟನ್ ಒಕ್ಕೂಟವನ್ನು ಬಿಟ್ಟ (ಬ್ರೆಕ್ಸಿಟ್) ಮೇಲೆ 2020ರ ಡಿಸೆಂಬರ್‌ನಲ್ಲಿ ಆದ ಒಪ್ಪಂದದ ಪ್ರಕಾರ, ಬ್ರಿಟನ್ನಿನ ಕಡಲಿನಲ್ಲಿ ಒಕ್ಕೂಟಕ್ಕಿದ್ದ ಮೀನಿನ ಪಾಲಿನಲ್ಲಿ ಮೌಲ್ಯದ ಲೆಕ್ಕಕ್ಕೆ ಕಾಲು ಭಾಗ ಹಂತಹಂತವಾಗಿ ಕೈತಪ್ಪಿತು. ಐರ್ಲೆಂಡ್ ಕಳೆದುಕೊಂಡದ್ದು ತನ್ನ ಕೋಟಾದ ಮೌಲ್ಯದಲ್ಲಿ ಸುಮಾರು ಶೇ. 15. ಸರ್ಕಾರ ನೇಮಿಸಿದ ಕಾರ್ಯಪಡೆ 2021ರಲ್ಲಿ, ಸುಮಾರು 60 ಬೋಟುಗಳನ್ನು ಹಿಂತೆಗೆಯಬೇಕೆಂದು ಶಿಫಾರಸು ಮಾಡಿತು. ಬ್ರೆಕ್ಸಿಟ್ ನಷ್ಟ ತುಂಬಲು ಒಕ್ಕೂಟ ಎತ್ತಿಟ್ಟಿದ್ದ ನಿಧಿಯ ಬಲದಿಂದ ಮರುವರ್ಷವೇ ಯೋಜನೆ ಶುರುವಾಯಿತು.

ಸೇರುವುದು ಬಿಡುವುದು ಮಾಲೀಕನ ಇಷ್ಟ. ಬೋಟಿನ ಟನ್ನೇಜು (ಗಾತ್ರದ ಅಳತೆ) ಮತ್ತು ಹಿಂದಿನ ವರ್ಷಗಳಲ್ಲಿ ಅದು ಹಿಡಿದ ಮೀನು, ಇವೆರಡನ್ನೂ ನೋಡಿ ಪರಿಹಾರ ಕಟ್ಟಲಾಯಿತು. ಪ್ರತಿ ಟನ್ನಿಗೆ ಗರಿಷ್ಠ 12,000 ಯೂರೊ, ಎಂದರೆ 100 ಟನ್ನಿನ ಬೋಟಿಗೆ ಹೆಚ್ಚೆಂದರೆ 12 ಲಕ್ಷ ಯೂರೊ. ದಡದಲ್ಲೇ ಕಟ್ಟಿಹಾಕಿದ ಬೋಟಿಗೆ ದುಡ್ಡು ಸಿಗಬಾರದೆಂದು, ಹಿಂದಿನ ಎರಡು ವರ್ಷಗಳಲ್ಲಿ ವರ್ಷಕ್ಕೆ ಕನಿಷ್ಠ 90 ದಿನ ಕಡಲಿಗೆ ಹೋಗಿರಬೇಕೆಂಬುದು ಒಕ್ಕೂಟದ ನಿಯಮ. ದುಡ್ಡು ಪಡೆದವರು ಐದು ವರ್ಷ ಇನ್ನೊಂದು ಮೀನುಗಾರಿಕೆ ಬೋಟನ್ನು ನೋಂದಾಯಿಸುವಂತಿಲ್ಲ. ಮೀನಿನ ಪಾಲಿನ ಮೇಲೆ ದುಡಿಯುವ ಕಲಾಸಿಗಳಿಗೂ ಪರಿಹಾರವಿತ್ತು. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ 61 ದಿನಗಳ ನಿಷೇಧ ಮುಗಿದರೆ ಬೋಟುಗಳು ಮತ್ತೆ ಹೊರಡುತ್ತವೆ. ಐರ್ಲೆಂಡಿನ ಯೋಜನೆಯಲ್ಲಿ ಹಾಗಲ್ಲ, ಹೋದ ಬೋಟು ಹೋದಂತೆಯೇ. ಕೊನೆಗೆ ಒಪ್ಪಿದ್ದು 40ರ ಆಸುಪಾಸಿನ ಮಾಲೀಕರು.

ಐರ್ಲೆಂಡಿನಲ್ಲಿ ಕೋಟಾ ಯಾರ ಖಾಸಗಿ ಸ್ವತ್ತೂ ಅಲ್ಲ. ತಳದ ಮೀನುಗಳ ಕೋಟಾವನ್ನು ಬೋಟುಗಳಿಗೆ ತಿಂಗಳ ಲೆಕ್ಕದಲ್ಲಿ ಹಂಚುತ್ತಾರೆ. ಒಂದು ಬೋಟು ಹೋದರೆ ಉಳಿದವುಗಳ ಪಾಲು ತಾನಾಗಿ ಹೆಚ್ಚುತ್ತದೆ. ಯೋಜನೆಯ ನಿಜವಾದ ಫಲಾನುಭವಿಗಳು ಹೋದವರಿಗಿಂತ ಉಳಿದವರೇ ಎನ್ನಬಹುದು.

ಇಂಥ ಯೋಜನೆಗಳ ಹಳೆಯ ಚರಿತ್ರೆ ಮಾತ್ರ ಅಷ್ಟು ಚೆನ್ನಾಗಿಲ್ಲ. ಮೊದಲು ಮುಂದೆ ಬರುವುದು ಹಳೆಯ, ಲಾಭ ಕಾಣದ ಬೋಟುಗಳು. ಅವು ಹೋದರೆ ಕಡಲಿನ ಮೇಲಿನ ಒತ್ತಡ ಅಷ್ಟೇನೂ ತಗ್ಗುವುದಿಲ್ಲ. ಉಳಿದವರು ಹೊಸ ಎಂಜಿನ್, ಮೀನು ಪತ್ತೆಯ ಉಪಕರಣ ಹಾಕಿಸಿ ಆ ಜಾಗ ತುಂಬುತ್ತಾರೆ. ಸರ್ಕಾರ ಮುಂದೆಂದಾದರೂ ಕೊಂಡುಕೊಳ್ಳುತ್ತದೆ ಎಂಬ ಭರವಸೆಯಿಂದಲೇ ಬೋಟು ಕಟ್ಟಿಸುವವರೂ ಇರುತ್ತಾರೆ ಎಂದು ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದಾರೆ. ಐರೋಪ್ಯ ಒಕ್ಕೂಟವಂತೂ ಬಹುಕಾಲ ಹಳೆ ಬೋಟು ಒಡೆಯಲೂ ಹೊಸ ಬೋಟು ಕಟ್ಟಲೂ ಸಹಾಯಧನ ಕೊಟ್ಟಿತು! ಹೊಸ ಬೋಟಿನ ಸಹಾಯಧನ ನಿಂತದ್ದು 2004ರ ಕೊನೆಗೆ. ಒಕ್ಕೂಟದ ಲೆಕ್ಕಪರಿಶೋಧಕರು 2011ರಲ್ಲಿ, ಇಷ್ಟು ಖರ್ಚಾದರೂ ಬೋಟುಗಳ ಬಲ ಮೀನಿನ ಪ್ರಮಾಣಕ್ಕೆ ಹೊಂದಿಕೊಂಡಿಲ್ಲ ಎಂದು ನೇರವಾಗಿ ಬರೆದರು. ಟನ್ನೇಜು, ಎಂಜಿನ್ ಶಕ್ತಿಗಳ ಅಳತೆಯಿಂದ ಮೀನು ಹಿಡಿಯುವ ತಾಕತ್ತು ತಿಳಿಯದು ಎಂಬುದೂ ಅವರ ಆಕ್ಷೇಪವಾಗಿತ್ತು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ದಾರಿ ಬೇರೆ. ಅಲ್ಲಿ 2003ರಲ್ಲಿ 4.6 ಕೋಟಿ ಡಾಲರ್‌ಗೆ 91 ಟ್ರಾಲ್ ಬೋಟುಗಳನ್ನು ಪರವಾನಗಿ ಸಮೇತ ಕೊಂಡರು. ಸರ್ಕಾರ ನೇರವಾಗಿ ಕೊಟ್ಟದ್ದು 1 ಕೋಟಿ ಮಾತ್ರ. ಉಳಿದದ್ದು ಸಾಲ. ಕಡಲಿನಲ್ಲಿ ಉಳಿದವರು ತಾವು ಮಾರುವ ಮೀನಿನ ಬೆಲೆಯಲ್ಲಿ ಶೇ. 5ರವರೆಗೆ ಕೊಟ್ಟು ಅದನ್ನು ತೀರಿಸಬೇಕಿತ್ತು. 2011ರಿಂದ ಅಲ್ಲಿನ ಟ್ರಾಲ್ ಮೀನುಗಾರರಿಗೆ ಅವರವರದೇ ಕೋಟಾ ಇದೆ. ಯಾರಿಗೆ ಎಷ್ಟು ಮೀನು ಎಂದು ಗೊತ್ತುಮಾಡದೆ ಬೋಟುಗಳನ್ನಷ್ಟೇ ಕೊಂಡಲ್ಲಿ ಖಾಲಿಯಾದ ಜಾಗ ಬಹುಕಾಲ ಖಾಲಿ ಉಳಿಯುವುದಿಲ್ಲ.