ಬ್ಯಾಟರಿ ಕೆಟ್ಟಿತ್ತು, ಆದರೆ ತಪ್ಪು ಅದರದ್ದಲ್ಲ

ನಮ್ಮ ತೋಟದ ಮನೆ ಇರುವುದು ಹುಣಸೂರು–ಎಚ್.ಡಿ. ಕೋಟೆ ನಡುವೆ, ನಾಗರಹೊಳೆ ಕಾಡಿನ ಅಂಚಿಗೆ. ಲೈನ್ ಎಳೆಸುವ ಖರ್ಚು ಕೇಳಿ ಸುಮ್ಮನಾಗಿ ಸೋಲಾರ್ ಹಾಕಿಸಿದೆ. ಎರಡೇ ವರ್ಷಕ್ಕೆ ಬ್ಯಾಟರಿ ಸತ್ತಿತು. ಹದಿನೈದು ಸಾವಿರದ ಹತ್ತಿರ ಕೊಟ್ಟು ಹೊಸದು ತಂದೆ. ಅದೂ ಆರು ತಿಂಗಳಲ್ಲಿ ಸೊರಗತೊಡಗಿತು. ರಾತ್ರಿ ಹತ್ತಕ್ಕೆ ಅಂಗಳದ ದೀಪ ಆರಿ, ಹನ್ನೊಂದಕ್ಕೆ ಆನೆ ಬಂದರೆ ಹೇಗಿರುತ್ತೆ ಅಂತ ಕಾಡಂಚಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಾತ "ಬ್ಯಾಟರಿ ಬದಲಿಸಿ" ಅಂದ. ಇನ್ನೊಮ್ಮೆ ದುಡ್ಡು ಸುರಿಯುವ ಮೊದಲು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ತಂದೆ. ಇದನ್ನು ಮೊದಲ ದಿನವೇ ತರಬೇಕಿತ್ತು.

ನಮ್ಮ ಲೆಕ್ಕ ಹೀಗಿದೆ. 7 ವಾಟಿನ 4 ಎಲ್ಇಡಿ ದೀಪ, 5 ಗಂಟೆ: 140 ವಾಟ್-ಅವರ್. 25 ವಾಟಿನ ಡಿಸಿ ಫ್ಯಾನ್ 8 ಗಂಟೆ: 200. ಮೊಬೈಲು, ಟಾರ್ಚು 20. ದಿನಕ್ಕೆ ಒಟ್ಟು 360. ಇದಕ್ಕೆ 100 ವಾಟಿನ ಎರಡು ಪ್ಯಾನೆಲ್, 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, 20 ಆಂಪಿಯರಿನ ಕಂಟ್ರೋಲರ್. ಬ್ಯಾಟರಿಯಲ್ಲಿ 1800 ವಾಟ್-ಅವರ್ ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆ ಅರ್ಧವೇ ಎರಡೂವರೆ ದಿನಕ್ಕೆ ಆಗುತ್ತೆ. ಪ್ಯಾನೆಲ್ ಲೆಕ್ಕವನ್ನು ಬೇಸಿಗೆ ಬಿಸಿಲಿಗೆ ಹಾಕಬೇಡಿ, ಆಷಾಢದ ಮೋಡಕ್ಕೆ ಹಾಕಿ. ಆಗ ಸಿಗುವುದು ಬೇಸಿಗೆಯ ಅರ್ಧ ಅಂತಲೇ ಹಿಡಿಯಿರಿ.

ಕಾಗದದ ಮೇಲೆ ಎಲ್ಲ ಸರಿ ಇತ್ತು. ಹಾಗಾದರೆ ಬ್ಯಾಟರಿ ಯಾಕೆ ಸತ್ತಿತು?

ಮನೆಯ ಸುತ್ತ ಹಲಸು, ಸಿಲ್ವರ್ ಓಕ್ ನೆರಳು. ಅದಕ್ಕೆ ಪ್ಯಾನೆಲನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಸೂರಿನ ಮೇಲೆ ಕೂರಿಸಿ, ಅಲ್ಲಿಂದ ಮನೆಗೆ 15 ಮೀಟರ್ ತಂತಿ ಎಳೆದಿದ್ದರು. ಒಂದು ಮಧ್ಯಾಹ್ನ ಏಣಿ ಹತ್ತಿ ಅಳೆದೆ. ಪ್ಯಾನೆಲ್ ತುದಿಯಲ್ಲಿ 15.6 ವೋಲ್ಟು. ಕೆಳಗೆ ಕಂಟ್ರೋಲರ್ ಹತ್ತಿರ 13.2. ನಡುವಿನ 2.4 ವೋಲ್ಟನ್ನು ತಂತಿ ತಿಂದಿತ್ತು!

ತಂತಿ 2.5 ಚದರ ಮಿಲಿಮೀಟರಿನದು. ಮನೆ ವೈರಿಂಗಿಗೆ ಅದು ದಪ್ಪವೇ. ಅಲ್ಲಿ 230 ವೋಲ್ಟು, ಎರಡು ವೋಲ್ಟು ಹೋದರೆ ಯಾರಿಗೂ ಗೊತ್ತಾಗಲ್ಲ. 12 ವೋಲ್ಟಿನಲ್ಲಿ ಎರಡು ಹೋದರೆ ಮನೆ ಮುಳುಗಿತು. ಹೋಗಿ ಬರುವ ದಾರಿ ಸೇರಿ 30 ಮೀಟರ್, ಅದರಲ್ಲಿ 11 ಆಂಪಿಯರ್ ಹರಿದರೆ ನಷ್ಟ ಇಷ್ಟೇ ಬರುತ್ತೆ, ಲೆಕ್ಕಕ್ಕೂ ಅಳತೆಗೂ ತಾಳೆಯಾಯಿತು. ಪ್ಯಾನೆಲ್ ಹಿಂದೆ 18 ವೋಲ್ಟು ಅಂತ ಬರೆದಿರುವುದು 25 ಡಿಗ್ರಿ ತಂಪಿನಲ್ಲಿ. ಸೂರಿನ ಮೇಲೆ ಕಾದಾಗ ಅದು 15–16ಕ್ಕೆ ಇಳಿಯುತ್ತೆ. ಬ್ಯಾಟರಿ ತುಂಬಲು ಬೇಕಾದದ್ದು 14.4. ಚಾರ್ಜು ನಿಧಾನವಾಗಿ ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ದಿನವೂ ಅರೆಹೊಟ್ಟೆ. ಅರೆಹೊಟ್ಟೆಯ ಬ್ಯಾಟರಿಯ ತಗಡಿನ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತೆ, ಆಮೇಲೆ ಅದು ಹೊಟ್ಟೆ ತುಂಬ ಉಣ್ಣಲಾರದು. ಕಂಟ್ರೋಲರಿನ ಹಸಿರು ದೀಪ ಮಾತ್ರ ದಿನವೂ ಉರಿಯುತ್ತಿತ್ತು. ಅದು ಹೇಳುವುದು 'ಕರೆಂಟು ಬರುತ್ತಿದೆ' ಅಂತ, 'ಸಾಕಷ್ಟು ಬರುತ್ತಿದೆ' ಅಂತಲ್ಲ.

ಈ ತಪ್ಪು ಹಳೆಯ ಅಭ್ಯಾಸದ್ದು ಅಂತ ನನ್ನ ಅನಿಸಿಕೆ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರುಮಾಡಿದ ಹರೀಶ್ ಹಂದೆಯವರು (2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು) ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ ಕಾಲದಲ್ಲಿ ಪ್ಯಾನೆಲ್ ಚಿಕ್ಕವು, ಎರಡು ಮೂರು ಆಂಪಿಯರ್ ಅಷ್ಟೆ. ಸಣ್ಣ ತಂತಿ ಸಾಕಿತ್ತು. ಈಗ ಪ್ಯಾನೆಲ್ ಅಗ್ಗವಾಗಿ ದೊಡ್ಡದಾಯಿತು, ತಂತಿ ಹಾಗೇ ಉಳಿಯಿತು.

ಪರಿಹಾರ ಎರಡಿತ್ತು. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಎಂಪಿಪಿಟಿ ಕಂಟ್ರೋಲರ್ ಹಾಕುವುದು ಒಂದು. ಆಗ ವೋಲ್ಟು ಇಮ್ಮಡಿ, ಆಂಪಿಯರ್ ಅರ್ಧ, ಹಳೆ ತಂತಿಯೇ ಸಾಕು. ಇನ್ನೊಂದು, 10 ಚದರ ಮಿಲಿಮೀಟರಿನ ತಾಮ್ರ. ನಾನು ತಾಮ್ರ ಎಳೆದೆ. ನಮ್ಮ ಕಡೆ ಏಪ್ರಿಲ್–ಮೇ ಗುಡುಗಿಗೆ ಕಂಟ್ರೋಲರ್ ಸುಟ್ಟರೆ ರಿಪೇರಿಯವರು ಸಿಗಲ್ಲ. ತಂತಿಯಲ್ಲಿ ಕೆಡಲು ಏನಿದೆ? ಈಗ ನಷ್ಟ 0.6 ವೋಲ್ಟು. ದೊಡ್ಡ 60 ಸೆಲ್ ಪ್ಯಾನೆಲ್ ಅಗ್ಗ ಅಂತ ತಂದವರಿಗೆ ಮಾತ್ರ ಎಂಪಿಪಿಟಿ ಬೇಕೇ ಬೇಕು. ಅದರ 30 ವೋಲ್ಟನ್ನು ಸಾದಾ ಕಂಟ್ರೋಲರಿಗೆ ಕೊಟ್ಟರೆ ಅರ್ಧ ಕರೆಂಟು ದಂಡ.

ಇನ್ನು ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನವರಿಗೆ ಒಂದು ಮಾತು. ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಮಸಿ ಪ್ಯಾನೆಲ್ ಮೇಲೆ ಜಿಡ್ಡಾಗಿ ಕೂರುತ್ತೆ, ಬರೀ ಮಳೆಗೆ ಹೋಗದು. ವಾರಕ್ಕೊಮ್ಮೆ ಬೆಳಿಗ್ಗೆ ತಂಪಿನಲ್ಲಿ ಒದ್ದೆಬಟ್ಟೆಯಿಂದ ಒರೆಸಿ. ಕೆ.ಆರ್. ನಗರದ ಗದ್ದೆ ಬಯಲಿನವರಿಗೆ ನೆರಳಿನ ತಾಪತ್ರಯ ಕಡಿಮೆ, ಹಕ್ಕಿ ಹಿಕ್ಕೆಯದೇ ಹೆಚ್ಚು. ಒಂದು ಎಲೆ ಒಂದೇ ಸೆಲ್ ಮುಚ್ಚಿದರೂ ಇಡೀ ಸಾಲು ಮಲಗುತ್ತೆ. ಪ್ಯಾನೆಲ್ ಮುಖ ತೆಂಕಣಕ್ಕೆ, ಓರೆ 12ರಿಂದ 15 ಡಿಗ್ರಿ.

ಇನ್ವರ್ಟರ್ ಆಸೆಯನ್ನು ನಾನು ಬಿಟ್ಟೆ. ಏನೂ ಹಚ್ಚದಿದ್ದರೂ ಅದೊಂದೇ 10–15 ವಾಟು ಕುಡಿಯುತ್ತೆ. ಇಡೀ ದಿನಕ್ಕೆ 240ರಿಂದ 360, ನಮ್ಮ ಮನೆಯ ಒಟ್ಟು ಖರ್ಚಿಗೆ ಹತ್ತಿರ ಹತ್ತಿರ! ಮಿಕ್ಸಿ ಬೇಕಾದಾಗ ಊರೊಳಗಿನ ತಂಗಿ ಮನೆಗೆ ಹೋಗುತ್ತೇವೆ.

ಬೇಲಿಯ ಝಟಕಾ ಬ್ಯಾಟರಿಯಿಂದ ಬಲ್ಬಿಗೆ ಎಳೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆಳಕು ಇರುತ್ತೆ, ಬೇಲಿ ಸತ್ತಿರುತ್ತೆ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಅದಲುಬದಲು. ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸು ಇರಲಿ. ಬ್ಯಾಟರಿಗೆ ಡಿಸ್ಟಿಲ್ಡ್ ನೀರೇ ಹಾಕಿ, ಬಾವಿ ನೀರು ಬೇಡ. ಹೈಡ್ರೋಮೀಟರಿನಲ್ಲಿ ಆರು ಕೋಣೆಗಳ ಪೈಕಿ ಒಂದು ಮಾತ್ರ ತೀರಾ ಕೆಳಗಿದ್ದರೆ ಆಗ ನಿಜಕ್ಕೂ ಬ್ಯಾಟರಿ ತಪ್ಪು, ವಾರಂಟಿ ಚೀಟಿ ಹುಡುಕಿ.

ಈಗ ದಿನಾ ಬೆಳಿಗ್ಗೆ ಬಿಸಿಲು ಏರುವ ಮೊದಲು, ದೀಪ ಫ್ಯಾನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಬ್ಯಾಟರಿ ವೋಲ್ಟು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಅರ್ಧಕ್ಕೆ ಬಂದ ದಿನ ಫ್ಯಾನ್ ಇಲ್ಲ, ಅಂಗಳದ ದೀಪ ಮಾತ್ರ. ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕಿದೆ. ಎರಡನೆಯದು ಪೂರ್ತಿ ಚೇತರಿಸಿಕೊಂಡಿಲ್ಲ, ಆದರೆ ಬೆಳಗಿನವರೆಗೆ ದೀಪ ಎಳೆಯುತ್ತಿದೆ.